ಸುತ್ತಿ ಬಂದ ಕುದುರೆಯ ಮೇಲೆ ಕಣ್ಣಿಡಿ: ಹಾರ್ನೆಸ್ ರೇಸ್ ನೋಡಲು, ಫ್ಯಾಂಟಸಿ ತಂಡ ಕಟ್ಟಲು ಒಂದು ಮಾರ್ಗದರ್ಶಿ

ಮೂರನೇ ಸ್ಥಾನ ಬಂದ ಕುದುರೆ ಗೆದ್ದ ಕುದುರೆಗಿಂತ ಹನ್ನೆರಡು ಮೀಟರ್ ಜಾಸ್ತಿ ಓಡಿರಬಹುದು. ಫಲಿತಾಂಶದ ಪಟ್ಟಿ ಇದನ್ನು ಹೇಳುವುದಿಲ್ಲ. ಒಂದು, ಎರಡು, ಮೂರು ಅಂತ ನಂಬರ್ ಕೊಟ್ಟು ಸುಮ್ಮನಾಗುತ್ತದೆ. ಹಾರ್ನೆಸ್ ರೇಸಿಂಗ್, ಅಂದರೆ ಕುದುರೆಗಳು ಹಗುರವಾದ ಬಂಡಿ ಎಳೆದು ಓಡುವ ರೇಸು, ಅದರ ಬೆನ್ನು ಹತ್ತಿ ನನಗೆ ಎಷ್ಟೋ ಸೀಸನ್ ಕಳೆದವು. ಕಲಿತದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಒಂದೇ ಮಾತು. ಕುದುರೆ ಎಷ್ಟನೆಯದಾಗಿ ಬಂತು ಅಂತ ನೋಡುವ ಮೊದಲು ಯಾವ ದಾರಿಯಲ್ಲಿ ಬಂತು ಅಂತ ನೋಡಬೇಕು. ಫ್ಯಾಂಟಸಿ ತಂಡ ಕಟ್ಟುವವರಿಗಂತೂ, ಅಂದರೆ ನಿಜವಾಗಿ ಓಡುವ ಕುದುರೆಗಳನ್ನು ಆರಿಸಿ ಅವುಗಳ ಫಲಿತಾಂಶಕ್ಕೆ ಪಾಯಿಂಟ್ ಎಣಿಸುವ ಆಟ ಆಡುವವರಿಗೆ, ಇದೇ ಬಂಡವಾಳ.

ಈ ಆಟ ಸ್ವೀಡನ್, ಫ್ರಾನ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲೂ ದೊಡ್ಡದು. ಆದರೆ ಇಲ್ಲಿ ಅಮೆರಿಕ ಮತ್ತು ಕೆನಡಾದ ಸೀಸನ್ನನ್ನೇ ಮುಂದಿಟ್ಟುಕೊಂಡು ಬರೆದಿದ್ದೇನೆ. ರೇಸಿನ ದಾಖಲೆ, ಓಡುವವರ ಪಟ್ಟಿ, ರೀಪ್ಲೇ ಎಲ್ಲ ಸುಲಭವಾಗಿ ಸಿಗುವುದು ಅಲ್ಲಿಯವೇ.

ಮೊದಲು ನಡೆ ಗುರುತಿಸಲು ಕಲಿಯಿರಿ

ಇಲ್ಲಿ ಕುದುರೆಯ ಬೆನ್ನ ಮೇಲೆ ಜಾಕಿ ಇರುವುದಿಲ್ಲ. ಹಿಂದೆ ಸಲ್ಕಿ ಅನ್ನುವ ಹಗುರವಾದ ಎರಡು ಗಾಲಿಯ ಬಂಡಿ. ಅದರಲ್ಲಿ ಕಾಲು ಚಾಚಿ, ಲಗಾಮು ಹಿಡಿದು ಕೂತವರು ಡ್ರೈವರ್. ಕುದುರೆ ನಾಗಾಲೋಟಕ್ಕೆ ಬೀಳುವಂತಿಲ್ಲ. ಇಡೀ ಆಟ ನಿಂತಿರುವುದೇ ಈ ನಿಯಮದ ಮೇಲೆ.

ನಡೆ ಎರಡು ಬಗೆ. ಟ್ರಾಟ್‌ನಲ್ಲಿ ಮುಂದಿನ ಎಡಗಾಲೂ ಹಿಂದಿನ ಬಲಗಾಲೂ ಜೊತೆಗೆ ಏಳುತ್ತವೆ, ಆಮೇಲೆ ಇನ್ನೊಂದು ಜೋಡಿ. ಪೇಸ್‌ನಲ್ಲಿ ಒಂದೇ ಪಕ್ಕದ ಎರಡೂ ಕಾಲು ಜೊತೆಗೆ ಏಳುತ್ತವೆ. ಟ್ರಾಟರ್‌ಗಳಿಗೆ ಬೇರೆ ರೇಸು, ಪೇಸರ್‌ಗಳಿಗೆ ಬೇರೆ ರೇಸು. ಎದುರಿನಿಂದ ತೆಗೆದ ದೃಶ್ಯ ಸಿಕ್ಕರೆ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ. ಪೇಸರ್ ತೊಟ್ಟಿಲಿನ ಹಾಗೆ ಆಚೀಚೆ ತೂಗುತ್ತಾ ಬರುತ್ತದೆ. ಟ್ರಾಟರ್ ನೆಟ್ಟಗೆ, ತಲೆ ಎತ್ತಿ ಬರುತ್ತದೆ. ಹೆಚ್ಚಿನ ಪೇಸರ್‌ಗಳ ಕಾಲಿಗೆ ಹಾಬಲ್ ಅನ್ನುವ ಪಟ್ಟಿ ಇರುತ್ತದೆ. ಅದು ಒಂದು ಪಕ್ಕದ ಮುಂಗಾಲು, ಹಿಂಗಾಲನ್ನು ಜೋಡಿಸಿ ನಡೆ ತಪ್ಪದಂತೆ ಹಿಡಿಯುತ್ತದೆ.

ಕುದುರೆ ನಡೆ ತಪ್ಪಿ ನಾಗಾಲೋಟಕ್ಕೆ ಬಿದ್ದರೆ ಅದಕ್ಕೆ ಬ್ರೇಕ್ ಅನ್ನುತ್ತಾರೆ. ಆಗ ಡ್ರೈವರ್ ಜಾಗ ನೋಡಿ ಕುದುರೆಯನ್ನು ಉಳಿದವರ ದಾರಿಯಿಂದ ಸರಿಸಬೇಕು, ಲಗಾಮು ಎಳೆದು ಮತ್ತೆ ನಡೆಗೆ ತರಬೇಕು. ಈ ಹೊತ್ತಿನಲ್ಲಿ ಒಂದಿಂಚೂ ಮುಂದೆ ಹೋಗಿ ಲಾಭ ಮಾಡಿಕೊಳ್ಳುವಂತಿಲ್ಲ. ಸಾಮಾನ್ಯವಾಗಿ ಆ ಕುದುರೆಯ ರೇಸು ಅಲ್ಲಿಗೇ ಮುಗಿಯಿತು. ಟ್ರಾಟರ್‌ಗಳಲ್ಲಿ, ಅದರಲ್ಲೂ ಎರಡು ವರ್ಷದ ಎಳೆಯವುಗಳಲ್ಲಿ, ಈ ಅಪಾಯ ಜಾಸ್ತಿ. ತಂಡ ಆರಿಸುವಾಗ ಇದು ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ತಳಿಯ ಬಗ್ಗೆ ಎರಡು ಮಾತು ಸಾಕು. ಸ್ಟ್ಯಾಂಡರ್ಡ್‌ಬ್ರೆಡ್ ಅನ್ನುವ ಹೆಸರು ಬಂದದ್ದು 1879ರಲ್ಲಿ ಗೊತ್ತುಮಾಡಿದ ಒಂದು ಅಳತೆಯಿಂದ. ಒಂದು ಮೈಲಿಯನ್ನು 2 ನಿಮಿಷ 30 ಸೆಕೆಂಡಿನೊಳಗೆ ಓಡಬಲ್ಲ ಕುದುರೆಗೆ ತಳಿಪುಸ್ತಕದಲ್ಲಿ ಜಾಗ. ಇವತ್ತಿನ ಅಮೆರಿಕದ ಸ್ಟ್ಯಾಂಡರ್ಡ್‌ಬ್ರೆಡ್‌ಗಳ ವಂಶವೆಲ್ಲ ಹೆಚ್ಚುಕಡಿಮೆ 1849ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಹ್ಯಾಂಬಲ್ಟೋನಿಯನ್ ಅನ್ನುವ ಒಂದೇ ಕುದುರೆಗೆ ಹೋಗಿ ಮುಟ್ಟುತ್ತದೆ. ಅದಕ್ಕೆ ಸಾವಿರದ ಮುನ್ನೂರಕ್ಕೂ ಹೆಚ್ಚು ಮರಿಗಳಿದ್ದವು. 2022ರ ಜುಲೈನಲ್ಲಿ ಬುಲ್‌ಡಾಗ್ ಹ್ಯಾನೋವರ್ ಅನ್ನುವ ಪೇಸರ್ ನ್ಯೂಜೆರ್ಸಿಯ ಮೆಡೋಲ್ಯಾಂಡ್ಸ್‌ನಲ್ಲಿ ಅದೇ ಮೈಲಿಯನ್ನು 1:45.4ರಲ್ಲಿ ಓಡಿತು. ಅಂದರೆ ಗಂಟೆಗೆ ಐವತ್ತನಾಲ್ಕು ಕಿಲೋಮೀಟರ್‌ಗಿಂತ ಜಾಸ್ತಿ ವೇಗ, ಅದೂ ನಾಗಾಲೋಟ ಇಲ್ಲದೆ, ಮನುಷ್ಯನನ್ನು ಹಿಂದೆ ಎಳೆಯುತ್ತಾ.

ಇಲ್ಲೊಂದು ಎಚ್ಚರಿಕೆ. 1:45.4 ಅಂದರೆ ದಶಮಾಂಶ ಅಲ್ಲ. ಕೊನೆಯ ಅಂಕಿ ಸೆಕೆಂಡಿನ ಐದನೇ ಒಂದು ಭಾಗಗಳ ಲೆಕ್ಕ. 45 ಸೆಕೆಂಡು ಮತ್ತು ಐದರಲ್ಲಿ ನಾಲ್ಕು ಭಾಗ ಅಂತ ಓದಬೇಕು. ಐದನೇ ಒಂದು ಸೆಕೆಂಡಿಗೆ ಸುಮಾರು ಒಂದು ಕುದುರೆಯ ಉದ್ದ ಅಂತ ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಗೇಟು ಮಡಚಿದ ಮೇಲಿನ ಇಪ್ಪತ್ತೇಳು ಸೆಕೆಂಡು

ಕುದುರೆಗಳು ನಿಂತಲ್ಲಿಂದ ಹೊರಡುವುದಿಲ್ಲ. ಎರಡೂ ಕಡೆ ರೆಕ್ಕೆಯಂತೆ ಗೇಟು ಚಾಚಿಕೊಂಡ ಒಂದು ವಾಹನ ಮುಂದೆ ಹೋಗುತ್ತದೆ, ಕುದುರೆಗಳು ಅದರ ಹಿಂದೆ ಸಾಲಾಗಿ ಓಡುತ್ತವೆ. ವಾಹನ ನಿಧಾನವಾಗಿ ವೇಗ ಏರಿಸಿ, ಶುರುವಿನ ಗೆರೆ ಬಂದಾಗ ರೆಕ್ಕೆ ಮಡಚಿ ಪಕ್ಕಕ್ಕೆ ಹೋಗುತ್ತದೆ. 1946ರಲ್ಲಿ ನ್ಯೂಯಾರ್ಕ್‌ನ ರೂಸ್‌ವೆಲ್ಟ್ ರೇಸ್‌ವೇಯಲ್ಲಿ ಇದು ಬಳಕೆಗೆ ಬಂತು. ಅದಕ್ಕೂ ಮೊದಲು ಸಾಲು ಸರಿಯಾಗಿಲ್ಲ ಅಂತ ಕುದುರೆಗಳನ್ನು ಮತ್ತೆ ಮತ್ತೆ ವಾಪಸ್ ಕರೆಯುತ್ತಿದ್ದರು. ನೋಡುಗರ ತಾಳ್ಮೆಯೇ ಹೋಗುತ್ತಿತ್ತು.

ಗೇಟು ಮಡಚಿದ ಕೂಡಲೇ ಪ್ರತಿಯೊಬ್ಬ ಡ್ರೈವರ್‌ಗೂ ಒಂದೇ ಪ್ರಶ್ನೆ. ಮುಂದಕ್ಕೆ ನುಗ್ಗಬೇಕೋ, ಹಿಡಿದು ಹಿಂದೆ ಸೇರಬೇಕೋ? ಗೇಟಿನ ಹಿಂದಿನ ಜಾಗಗಳಿಗೆ ಒಳಗಿನಿಂದ ಹೊರಕ್ಕೆ ನಂಬರ್ ಇರುತ್ತದೆ. ಒಂದನೇ ನಂಬರಿನ ಕುದುರೆ ಒಳಅಂಚಿನಲ್ಲೇ ಇದೆ, ಅದಕ್ಕೆ ಚಿಂತೆ ಕಡಿಮೆ. ಎಂಟನೇ ನಂಬರಿನದು ಏಳು ಕುದುರೆಗಳನ್ನು ದಾಟಿ ಒಳಗೆ ಬರಬೇಕು. ಇಲ್ಲವೇ ಎಲ್ಲರ ಹಿಂದೆ ಬಿದ್ದು ಕಾಯಬೇಕು. ಮೊದಲ ಕಾಲು ಮೈಲಿ ನೋಡುವಾಗ ಮುಂದಿರುವ ಕುದುರೆಯನ್ನು ಬಿಟ್ಟು, ಜಾಗ ಸಿಗದೆ ಹೊರಗೆ ಉಳಿದವರು ಯಾರು ಅಂತ ಹುಡುಕಿ. ನಾನು ಮೊದಮೊದಲು ಮುಂದಿನ ಕುದುರೆಯನ್ನೇ ನೋಡುತ್ತಿದ್ದೆ. ಕಣ್ಣನ್ನು ಅಲ್ಲಿಂದ ಕೀಳಲು ಒಂದು ಇಡೀ ಸೀಸನ್ ಬೇಕಾಯಿತು.

ದಾರಿ ಓದುವುದು

ಇದೇ ಈ ಲೇಖನದ ಜೀವಾಳ, ಹಾಗಾಗಿ ನಿಧಾನವಾಗಿ ಹೋಗೋಣ.

ರೇಸು ಒಂದು ಹದಕ್ಕೆ ಬಂದ ಮೇಲೆ ಕುದುರೆಗಳು ಎರಡು ಸಾಲಾಗುತ್ತವೆ. ಒಳಅಂಚಿನ ಸಾಲು, ಹೊರಸಾಲು. ಒಳಸಾಲಿನಲ್ಲಿ ಮುಂದಿರುವುದು ಲೀಡರ್. ಅದರ ಬೆನ್ನಿಗೇ ಅಂಟಿಕೊಂಡಿರುವ ಕುದುರೆ ಪಾಕೆಟ್‌ನಲ್ಲಿದೆ ಅನ್ನುತ್ತಾರೆ. ಪಾಕೆಟ್ ಅಂದರೆ ಸುಖದ ಜಾಗ. ದೂರ ಕಡಿಮೆ, ಗಾಳಿಯನ್ನು ಮುಂದಿನವನು ಸೀಳಿಕೊಂಡು ಹೋಗುತ್ತಾನೆ. ಕೊನೆಯಲ್ಲಿ ದಾರಿ ಸಿಕ್ಕರೆ ಸಾಕು, ಉಳಿಸಿಟ್ಟ ಶಕ್ತಿಯನ್ನೆಲ್ಲ ಒಮ್ಮೆಗೇ ಸುರಿಯಬಹುದು.

ಹೊರಸಾಲಿನ ಮುಂದಾಳು ಫಸ್ಟ್ ಓವರ್. ಇಡೀ ರೇಸಿನಲ್ಲಿ ಅತಿ ಕಷ್ಟದ ಜಾಗ ಇದು. ಎದೆಗೆ ಗಾಳಿ, ತಿರುವಿನಲ್ಲಿ ಹೆಚ್ಚಿನ ದೂರ, ಪಕ್ಕದಲ್ಲಿ ಲೀಡರ್ ಬಿಟ್ಟುಕೊಡುವುದೇ ಇಲ್ಲ. ಅದರ ಹಿಂದೆ ಬರುವುದು ಸೆಕೆಂಡ್ ಓವರ್. ಅದಕ್ಕೆ ಕವರ್ ಇದೆ, ಅಂದರೆ ಮುಂದಿನ ಕುದುರೆಯ ಮರೆ ಇದೆ. ಹೊರಗಿದ್ದೂ ಆರಾಮ. ಕೊನೆಯ ತಿರುವಿನಲ್ಲಿ ಫಸ್ಟ್ ಓವರ್ ಕುದುರೆ ಲೀಡರ್‌ನನ್ನು ಸುಸ್ತು ಮಾಡುತ್ತದೆ, ತಾನೂ ಸುಸ್ತಾಗುತ್ತದೆ, ಸೆಕೆಂಡ್ ಓವರ್ ಕುದುರೆ ಬಂದು ಇಬ್ಬರನ್ನೂ ದಾಟುತ್ತದೆ. ಇದನ್ನು ನೂರು ಸಲ ನೋಡಿದ್ದೇನೆ. ಪಟ್ಟಿಯಲ್ಲಿ ಹೆಸರು ಬರುವುದು ದಾಟಿದವನದು. ಕೆಲಸ ಮಾಡಿದ್ದು ಮೂರನೆಯದೋ ನಾಲ್ಕನೆಯದೋ ಆಗಿ ಬಂದ ಆ ಫಸ್ಟ್ ಓವರ್ ಕುದುರೆ.

ಹೊರಗಿರುವುದಕ್ಕೆ ಬೆಲೆ ಎಷ್ಟು? ಲೆಕ್ಕ ಸುಲಭ. ಒಳಗಿನ ಕುದುರೆಗಿಂತ ಎರಡು ಮೀಟರ್ ಹೊರಗೆ ಓಡಿದರೆ, ಒಂದು ತಿರುವಿಗೆ, ಅಂದರೆ ಅರ್ಧ ವೃತ್ತಕ್ಕೆ, ಆರು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ದೂರ. ಎರಡು ತಿರುವಿಗೆ ಹನ್ನೆರಡೂವರೆ ಮೀಟರ್. ಒಂದು ಕುದುರೆಯ ಉದ್ದ ಸುಮಾರು ಎರಡೂವರೆ ಮೀಟರ್ ಅಂತಿಟ್ಟುಕೊಂಡರೆ, ಇದು ಐದು ಉದ್ದ. ಒಂದು ಉದ್ದದಿಂದ ಸೋತ ಕುದುರೆ ಐದು ಉದ್ದ ಜಾಸ್ತಿ ಓಡಿದೆ ಅಂದರೆ, ಮುಂದಿನ ವಾರ ಅದರ ಮೇಲೆ ಕಣ್ಣಿಡಬೇಕು, ಅಲ್ವಾ?

ಈಗ ಅದೇ ರೇಸನ್ನು ಕಾಗದದ ಮೇಲೆ ನೋಡೋಣ. ಪ್ರೋಗ್ರಾಂನಲ್ಲಿ, ಅಂದರೆ ಅವತ್ತಿನ ರೇಸುಗಳ ವಿವರ ಅಚ್ಚಾದ ಪುಸ್ತಿಕೆಯಲ್ಲಿ, ಪ್ರತಿ ಕುದುರೆಯ ಹಿಂದಿನ ಓಟಗಳು ಒಂದೊಂದು ಸಾಲಾಗಿರುತ್ತವೆ. ಅದರಲ್ಲಿ ಲೀಡರ್‌ನ ಕಾಲು ಮೈಲಿ, ಅರ್ಧ ಮೈಲಿ, ಮುಕ್ಕಾಲು ಮೈಲಿ, ಪೂರ್ತಿ ಮೈಲಿಯ ಸಮಯ ಇರುತ್ತದೆ. ಉದಾಹರಣೆಗೆ 27.1, 55.3, 1:23.4, 1:51.2 ಅಂತಿಟ್ಟುಕೊಳ್ಳಿ. ಆಮೇಲೆ ನಮ್ಮ ಕುದುರೆ ಆಯಾ ಕಡೆ ಎಷ್ಟನೆಯದಾಗಿತ್ತು, ಲೀಡರ್‌ಗಿಂತ ಎಷ್ಟು ಉದ್ದ ಹಿಂದಿತ್ತು ಅಂತ ಇರುತ್ತದೆ. ಅಂಕಿಯ ಪಕ್ಕ ಮೇಲ್ಗಡೆ ಪುಟ್ಟ ಸೊನ್ನೆ ಇದ್ದರೆ ಅಲ್ಲಿ ಹೊರಸಾಲಿನಲ್ಲಿ ಓಡಿದೆ ಅಂತ ಅರ್ಥ. ಗುಣಾಕಾರದ ಗುರುತಿನಂಥ ಚಿಹ್ನೆ ಇದ್ದರೆ ನಡೆ ತಪ್ಪಿದೆ.

ನಮ್ಮ ಕುದುರೆ ಅರ್ಧ ಮೈಲಿಯಲ್ಲಿ ಆರನೆಯದು, ಆರು ಉದ್ದ ಹಿಂದೆ, ಸೊನ್ನೆ ಗುರುತು. ಮುಕ್ಕಾಲು ಮೈಲಿಯಲ್ಲಿ ನಾಲ್ಕನೆಯದು, ಮೂರು ಉದ್ದ ಹಿಂದೆ, ಮತ್ತೆ ಸೊನ್ನೆ. ಕೊನೆಗೆ ಮೂರನೆಯದು, ಒಂದೂಕಾಲು ಉದ್ದ ಹಿಂದೆ. ಒಂದು ಉದ್ದಕ್ಕೆ ಐದನೇ ಒಂದು ಸೆಕೆಂಡು ಸೇರಿಸಿ ಅದರದೇ ಸಮಯ ತೆಗೆಯಿರಿ. ಲೀಡರ್ ಅರ್ಧ ಮೈಲಿಗೆ 55.3 ತೆಗೆದುಕೊಂಡಾಗ ನಮ್ಮದು 56.4. ಕೊನೆಗೆ ಲೀಡರ್‌ದು 1:51.2 ಆದಾಗ ನಮ್ಮದು 1:51.3. ಅಂದರೆ ಕೊನೆಯ ಅರ್ಧ ಮೈಲಿಯನ್ನು ಮುಂಚೂಣಿ 55.4ರಲ್ಲಿ ಓಡಿದರೆ, ನಮ್ಮ ಕುದುರೆ 54.4ರಲ್ಲಿ ಓಡಿದೆ, ಅದೂ ಹೊರಗಿನಿಂದ. ಒಂದು ಇಡೀ ಸೆಕೆಂಡು ಬೇಗ! ಮೂರನೇ ಸ್ಥಾನ ಅಂತ ಬರೆದ ಆ ಸಾಲಿನಲ್ಲಿ ಅವತ್ತಿನ ಅತಿ ಒಳ್ಳೆಯ ಓಟ ಅಡಗಿದೆ. ಇಂಥದ್ದೊಂದು ಕಣ್ಣಿಗೆ ಬಿದ್ದ ದಿನ ನನಗೆ ಆಗುವ ಖುಷಿಯೇ ಬೇರೆ.

ಇದಕ್ಕೆ ತದ್ವಿರುದ್ಧವಾದದ್ದೂ ಇರುತ್ತದೆ. ಪಾಕೆಟ್‌ನಲ್ಲಿ ಹಾಯಾಗಿ ಬಂದು ಕೊನೆಯ ನೂರು ಮೀಟರ್‌ನಲ್ಲಿ ಗೆದ್ದ ಕುದುರೆ. ಎಲ್ಲರೂ ಅದನ್ನು ಹೊಗಳುತ್ತಾರೆ, ಫ್ಯಾಂಟಸಿ ತಂಡಕ್ಕೆ ಅದನ್ನೇ ಮೊದಲು ಆರಿಸಲು ನೋಡುತ್ತಾರೆ. ಅದನ್ನು ಬೇರೆಯವರಿಗೆ ಬಿಡಿ.

ಟ್ರ್ಯಾಕಿನ ಅಳತೆ ಗೊತ್ತಿರಲಿ

ರೇಸು ಹೆಚ್ಚಾಗಿ ಒಂದೇ ಮೈಲಿಯದು, ಆದರೆ ಟ್ರ್ಯಾಕು ಒಂದೇ ಅಳತೆಯದಲ್ಲ. ಮೆಡೋಲ್ಯಾಂಡ್ಸ್, ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿರುವ ರೆಡ್ ಮೈಲ್ ಇವೆರಡೂ ಒಂದು ಮೈಲಿ ಸುತ್ತಳತೆಯವು, ರೇಸಿಗೆ ಎರಡೇ ತಿರುವು. ನ್ಯೂಯಾರ್ಕ್‌ನ ಯಾಂಕರ್ಸ್, ಒಹಾಯೋದ ಡೆಲವೇರ್ ಅರ್ಧ ಮೈಲಿಯವು, ಅಲ್ಲಿ ನಾಲ್ಕು ತಿರುವು. ಪೆನ್ಸಿಲ್ವೇನಿಯಾದ ಪೊಕೊನೊ ನಡುವಿನ ಅಳತೆಯದು, ಅಲ್ಲಿ ಮೂರು. ಅರ್ಧ ಮೈಲಿ ಟ್ರ್ಯಾಕಿನಲ್ಲಿ ಏಳು, ಎಂಟನೇ ನಂಬರ್ ಬಂತೆಂದರೆ ಒಳ್ಳೆಯ ಕುದುರೆಗೂ ಏದುಸಿರು. ಮೆಡೋಲ್ಯಾಂಡ್ಸ್‌ನಲ್ಲಿ ಉದ್ದನೆಯ ನೇರ ದಾರಿ ಇರುವುದರಿಂದ ಹಿಂದಿನಿಂದ ಬಂದು ಗೆಲ್ಲಬಹುದು. ಆದ್ದರಿಂದ ರೆಡ್ ಮೈಲ್‌ನ 1:50, ಯಾಂಕರ್ಸ್‌ನ 1:50 ಒಂದೇ ಅಲ್ಲ. ಎರಡನೆಯದು ಎಷ್ಟೋ ಪಾಲು ದೊಡ್ಡ ಓಟ. ಬರೀ ಸಮಯ ನೋಡಿ ತಂಡ ಆರಿಸುವವರು ಎಡವುವುದು ಇಲ್ಲೇ.

ಡ್ರೈವರ್ ಏನು ಹೇಳುತ್ತಿದ್ದಾನೆ ಕೇಳಿಸಿಕೊಳ್ಳಿ

ಡ್ರೈವರ್‌ಗಳು ಬಾಯಲ್ಲಿ ಹೇಳುವುದಕ್ಕಿಂತ ಆಯ್ಕೆಯಲ್ಲಿ ಹೇಳುವುದು ಜಾಸ್ತಿ. ದೊಡ್ಡ ರೇಸಿಗೆ ಮೊದಲು ಎಲಿಮಿನೇಷನ್, ಅಂದರೆ ಫೈನಲ್‌ಗೆ ಯಾರು ಅಂತ ತೀರ್ಮಾನಿಸುವ ಓಟ, ನಡೆಯುತ್ತದೆ. ಒಬ್ಬನೇ ಡ್ರೈವರ್ ಎರಡು ಎಲಿಮಿನೇಷನ್‌ಗಳಲ್ಲಿ ಎರಡು ಕುದುರೆ ಓಡಿಸಿ ಎರಡೂ ಫೈನಲ್‌ಗೆ ಬಂದರೆ, ಒಂದನ್ನು ಬಿಡಬೇಕು. ಬಿಟ್ಟದ್ದು ಯಾವುದು, ಹಿಡಿದದ್ದು ಯಾವುದು ಅಂತ ಬರೆದಿಟ್ಟುಕೊಳ್ಳಿ. ಎರಡೂ ಕುದುರೆಯ ಬಾಯಿಯ ಹಿಡಿತವನ್ನು ಕೈಯಲ್ಲಿ ಬಲ್ಲವನು ಅವನೊಬ್ಬನೇ. ಒಮ್ಮೊಮ್ಮೆ ಟ್ರೇನರ್ ಜೊತೆಗಿನ ಹಳೇ ಒಪ್ಪಂದದಿಂದಲೂ ಆಯ್ಕೆ ಆಗುತ್ತದೆ. ಆದರೂ ಈ ಸುಳಿವನ್ನು ಕಡೆಗಣಿಸಬೇಡಿ.

ದಿನದಿನದ ರೇಸುಗಳಲ್ಲಿ ಡ್ರೈವರ್ ಗೆಲುವು ಹೇಗೆ ಗುಡ್ಡೆ ಬೀಳುತ್ತದೆ ಅನ್ನುವುದಕ್ಕೆ ಟಿಮ್ ಟೆಟ್ರಿಕ್ ಅವರನ್ನು ನೋಡಿ. 2007ರಲ್ಲಿ ಒಂದೇ ವರ್ಷ 1,189 ರೇಸು ಗೆದ್ದರು. ಇನ್ನೊಂದು ಕಡೆ ಜಾನ್ ಕ್ಯಾಂಪ್‌ಬೆಲ್. ದೊಡ್ಡ ದಿನಗಳ ಡ್ರೈವರ್ ಅಂದರೆ ಅವರೇ, ಆ ಹಳೆಯ ಹ್ಯಾಂಬಲ್ಟೋನಿಯನ್ ಕುದುರೆಯ ಹೆಸರಿನ ದೊಡ್ಡ ರೇಸನ್ನು ಆರು ಸಲ ಗೆದ್ದವರು. ನಿಮ್ಮ ಫ್ಯಾಂಟಸಿ ಆಟ ದಿನವೂ ಪಾಯಿಂಟ್ ಕೊಡುತ್ತದೋ, ದೊಡ್ಡ ರೇಸಿಗೆ ಮಾತ್ರ ಕೊಡುತ್ತದೋ ಅನ್ನುವುದರ ಮೇಲೆ ಯಾವ ಬಗೆಯ ಡ್ರೈವರ್ ಬೇಕು ಅಂತ ನಿರ್ಧಾರ ಮಾಡಿ.

ಸೀಸನ್ನಿನ ಪಂಚಾಂಗ

ವಸಂತದಲ್ಲಿ ಕ್ವಾಲಿಫೈಯಿಂಗ್ ಓಟಗಳು ಶುರು. ಬಹುಮಾನ ಇಲ್ಲದ, ಬಾಜಿ ಇಲ್ಲದ ಓಟಗಳಿವು. ಕುದುರೆ ನಡೆ ತಪ್ಪದೆ, ಗೊತ್ತುಮಾಡಿದ ಸಮಯದೊಳಗೆ ಓಡಬಲ್ಲದು ಅಂತ ತೋರಿಸಬೇಕು. ಇಲ್ಲಿ ಗೆದ್ದದ್ದಕ್ಕೆ ಬೆಲೆ ಕೊಡಬೇಡಿ. ಡ್ರೈವರ್ ಕೈ ಅಲುಗಿಸದೆ ಕೂತಿದ್ದನೇ ಅಂತ ಮಾತ್ರ ನೋಡಿ.

ಜೂನ್‌ನಲ್ಲಿ ಕೆನಡಾದ ಮೊಹಾಕ್ ಪಾರ್ಕ್‌ನಲ್ಲಿ ನಾರ್ತ್ ಅಮೆರಿಕ ಕಪ್, ಮೂರು ವರ್ಷದ ಪೇಸರ್‌ಗಳಿಗೆ. ಜುಲೈನಲ್ಲಿ ಮೆಡೋಲ್ಯಾಂಡ್ಸ್ ಪೇಸ್. ಆಗಸ್ಟ್ ಮೊದಲ ಶನಿವಾರ ಹ್ಯಾಂಬಲ್ಟೋನಿಯನ್, ಮೂರು ವರ್ಷದ ಟ್ರಾಟರ್‌ಗಳಿಗೆ ಇದಕ್ಕಿಂತ ದೊಡ್ಡ ದಿನವಿಲ್ಲ. 1926ರಲ್ಲಿ ಸಿರಾಕ್ಯೂಸ್‌ನಲ್ಲಿ ಶುರುವಾದ ರೇಸು ಊರಿಂದ ಊರಿಗೆ ಹೋಗಿ 1981ರಿಂದ ಮೆಡೋಲ್ಯಾಂಡ್ಸ್‌ನಲ್ಲಿ ನೆಲೆ ನಿಂತಿದೆ. ಬಹುಮಾನ ಹತ್ತು ಲಕ್ಷ ಡಾಲರ್. ಸೆಪ್ಟೆಂಬರ್‌ನಲ್ಲಿ ಡೆಲವೇರ್ ಕೌಂಟಿ ಜಾತ್ರೆಯ ನಡುವೆ ಲಿಟಲ್ ಬ್ರೌನ್ ಜಗ್, 1946ರಿಂದ ನಡೆಯುತ್ತಿದೆ. ಅರ್ಧ ಮೈಲಿ ಟ್ರ್ಯಾಕು, ಒಂದೇ ದಿನ ಮೊದಲು ಹೀಟ್ ಅನ್ನುವ ಆಯ್ಕೆಯ ಓಟ, ಆಮೇಲೆ ಫೈನಲ್ ಅನ್ನುವ ಪದ್ಧತಿ. ಇಲ್ಲಿ ವೇಗಕ್ಕಿಂತ ಗಟ್ಟಿತನ ಬೇಕು. ಅಕ್ಟೋಬರ್‌ನಲ್ಲಿ ರೆಡ್ ಮೈಲ್‌ನಲ್ಲಿ ಕೆಂಟಕಿ ಫ್ಯೂಚುರಿಟಿ. ಕೊನೆಗೆ ಬ್ರೀಡರ್ಸ್ ಕ್ರೌನ್, ಎಲ್ಲ ವಯಸ್ಸಿನವರಿಗೂ.

ಫ್ಯಾಂಟಸಿ ಆಟ ಹೂಡುವುದು

ನಾಲ್ಕರಿಂದ ಎಂಟು ಜನ ಸಾಕು. ದುಡ್ಡು ಬೇಡ. ದುಡ್ಡು ಬಂದರೆ ಕುದುರೆ ನೋಡುವ ಕಣ್ಣು ಹೋಗಿಬಿಡುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಮೇ ತಿಂಗಳಲ್ಲಿ ಒಂದು ದಿನ ಕೂತು ಸರದಿಯಂತೆ ಆರಿಸಿ. ಮೊದಲ ಸುತ್ತಿನಲ್ಲಿ ಕೊನೆಗೆ ಆರಿಸಿದವರು ಎರಡನೇ ಸುತ್ತಿನಲ್ಲಿ ಮೊದಲು ಆರಿಸಲಿ. ಒಬ್ಬರಿಗೆ ಎಂಟು ಕುದುರೆ, ಒಬ್ಬ ಡ್ರೈವರ್, ಒಬ್ಬ ಟ್ರೇನರ್.

ಪಾಯಿಂಟ್ ಲೆಕ್ಕಕ್ಕೆ ಹೊಸದೇನೂ ಕಂಡುಹಿಡಿಯಬೇಡಿ. ಅಮೆರಿಕದಲ್ಲಿ ಬಹುಮಾನದ ಹಣವನ್ನು ಸಾಮಾನ್ಯವಾಗಿ ಮೊದಲ ಐದು ಸ್ಥಾನಕ್ಕೆ ನೂರಕ್ಕೆ 50, 25, 12, 8, 5ರಂತೆ ಹಂಚುತ್ತಾರೆ. ಅದೇ ಪಾಯಿಂಟ್ ಇಟ್ಟುಕೊಳ್ಳಿ. ದೊಡ್ಡ ರೇಸಿಗೆ ಎರಡರಷ್ಟು. ಕೆಲವರು ಕುದುರೆ ಗಳಿಸಿದ ಡಾಲರನ್ನೇ ಪಾಯಿಂಟ್ ಮಾಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಆಗಸ್ಟ್‌ನ ಒಂದು ಶನಿವಾರ ಇಡೀ ವರ್ಷದ ಆಟವನ್ನು ನುಂಗಿಬಿಡುತ್ತದೆ, ಆಮೇಲೆ ಅಕ್ಟೋಬರ್‌ವರೆಗೂ ಯಾರಿಗೂ ಉತ್ಸಾಹ ಇರುವುದಿಲ್ಲ. ತಿಂಗಳಿಗೊಮ್ಮೆ ಒಂದು ಕುದುರೆ ಬದಲಿಸಲು ಅವಕಾಶ ಕೊಡಿ. ಕುದುರೆಗೆ ಜ್ವರ ಬರುತ್ತದೆ, ಗೊರಸು ನೋಯುತ್ತದೆ. ಪಾಪ, ಅದಕ್ಕೆ ಆಟಗಾರನನ್ನು ದಂಡಿಸಬಾರದು.

ನಾನು ಎಂಟನ್ನು ಹಂಚುವುದು ಹೀಗೆ. ಮೂರು ವರ್ಷದ ಪೇಸರ್ ಎರಡು. ಅದೇ ವಯಸ್ಸಿನ ಗಂಡು ಟ್ರಾಟರ್ ಒಂದು, ಕಳೆದ ವರ್ಷದ ಸಾಲುಗಳಲ್ಲಿ ನಡೆ ತಪ್ಪಿದ ಗುರುತು ಇರಲೇಬಾರದು. ಹೆಣ್ಣು ಕುದುರೆ ಎರಡು. ಎರಡು ವರ್ಷದ್ದು ಒಂದೇ ಒಂದು, ಅದೂ ಪೇಸರ್. ಎರಡು ವರ್ಷದವು ಜುಲೈವರೆಗೆ ಸರಿಯಾಗಿ ಓಡುವುದೇ ಇಲ್ಲ, ತಂಡದಲ್ಲಿ ಸುಮ್ನೆ ಜಾಗ ತಿನ್ನುತ್ತವೆ. ಉಳಿದ ಎರಡು ಜಾಗ ವಯಸ್ಸಾದ ಗೆಲ್ಡಿಂಗ್‌ಗಳಿಗೆ, ಅಂದರೆ ಬೀಜ ಒಡೆದ ಗಂಡು ಕುದುರೆಗಳಿಗೆ. ಜನ ಇವುಗಳನ್ನು ಮರೆಯುತ್ತಾರೆ. ಆದರೆ ವಾರವಾರ ಓಡಿ ಹನಿಹನಿಯಾಗಿ ಪಾಯಿಂಟ್ ತರುವುದು ಇವೇ.

ಹೆಣ್ಣು ಕುದುರೆಗಳ ಬಗ್ಗೆ ಒಂದು ಮಾತು. ಗಂಡುಗಳ ಜೊತೆ ಓಡಿದರೆ ಸೋಲುತ್ತವೆ ಅಂತ ಮೊದಲೇ ತೀರ್ಮಾನ ಮಾಡಬೇಡಿ. 2018ರಲ್ಲಿ ಅಟ್ಲಾಂಟಾ ಅನ್ನುವ ಹೆಣ್ಣು ಟ್ರಾಟರ್ ಹ್ಯಾಂಬಲ್ಟೋನಿಯನ್ ಗೆದ್ದಿತು. 1996ರ ನಂತರ ಅದೇ ಮೊದಲು.

ಆರಿಸುವ ಮೊದಲು ಕೈ ಪಳಗಲಿ ಅಂತ ನಾವು ಒಂದು ಅಭ್ಯಾಸ ಮಾಡುತ್ತೇವೆ. ಹಳೆಯ ಕುದುರೆಗಳಲ್ಲಿ ಐದನ್ನು ಆರಿಸಿ ಕಾರಣ ಹೇಳುವುದು. ನನ್ನ ಐದು ಇವು.

ಡ್ಯಾನ್ ಪ್ಯಾಚ್. 1905ರಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಮೈಲಿಗೆ 1 ನಿಮಿಷ 55¼ ಸೆಕೆಂಡು ಓಡಿದ ಪೇಸರ್.

ಗ್ರೇಹೌಂಡ್. ಬೂದು ಬಣ್ಣದ ಗೆಲ್ಡಿಂಗ್, 1935ರ ಹ್ಯಾಂಬಲ್ಟೋನಿಯನ್ ವಿಜೇತ. 1938ರಲ್ಲಿ ಅದೇ ಲೆಕ್ಸಿಂಗ್ಟನ್‌ನಲ್ಲಿ ಅದೇ 1 ನಿಮಿಷ 55¼ ಸೆಕೆಂಡು ಓಡಿತು, ಆದರೆ ಟ್ರಾಟ್‌ನಲ್ಲಿ.

ನಿಯಾಟ್ರಾಸ್. 39 ಓಟದಲ್ಲಿ 37 ಗೆಲುವು. 1980ರಲ್ಲಿ ಸರಟೋಗಾದಲ್ಲಿ ಒಳಬೇಲಿಯ ಮೇಲೆ ಉರುಳಿಬಿದ್ದ ಕುದುರೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ ರೆಡ್ ಮೈಲ್‌ನಲ್ಲಿ ಗಡಿಯಾರದ ವಿರುದ್ಧ ಒಂಟಿಯಾಗಿ ಓಡಿ 1:49.1 ತೋರಿಸಿತು. 1:50ರ ಗೋಡೆ ಒಡೆದ ಮೊದಲ ಕುದುರೆ ಅದು.

ಸಮ್‌ಬೀಚ್‌ಸಮ್‌ವೇರ್. ಕೆನಡಾದವರ ಕಣ್ಮಣಿ, 21ರಲ್ಲಿ 20 ಗೆಲುವು. ಸೋತ ಒಂದೇ ಒಂದು ರೇಸು 2008ರ ಮೆಡೋಲ್ಯಾಂಡ್ಸ್ ಪೇಸ್. ಅವತ್ತು ಆರ್ಟ್ ಅಫಿಷಿಯಲ್ 1:47ರಲ್ಲಿ ಓಡಿ ಗೆದ್ದಿತು. ಎಂಥ ಕುದುರೆಗೂ ಒಂದು ದಿನ ಹೀಗಾಗುತ್ತದೆ.

ಐದನೆಯದು ಫಾಯಿಲ್ಡ್ ಅಗೇನ್. ನನಗೆ ಎಲ್ಲಕ್ಕಿಂತ ಪ್ರೀತಿಯದು. ಗೆಲ್ಡಿಂಗ್. 2013ರಲ್ಲಿ ಒಂಬತ್ತನೇ ವಯಸ್ಸಿನಲ್ಲಿ ಬ್ರೀಡರ್ಸ್ ಕ್ರೌನ್ ಗೆದ್ದಿತು. ಹದಿನಾಲ್ಕು ವರ್ಷ ದಾಟಿದ ಕುದುರೆ ಓಡಬಾರದು ಅನ್ನುವ ನಿಯಮ ಇದ್ದುದರಿಂದ 2018ರ ಡಿಸೆಂಬರ್ 31ರಂದು ಕೊನೆಯ ಓಟ ಓಡಿತು. ಒಟ್ಟು 109 ಗೆಲುವು, 76 ಲಕ್ಷ ಡಾಲರ್ ಗಳಿಕೆ. ಆ ಕುದುರೆ ಕತ್ತು ಮುಂದೆ ಚಾಚಿ, ಪಕ್ಕದ ಕುದುರೆಯನ್ನು ದಾಟಲು ಬಿಡದೆ ಓಡುವುದನ್ನು ರೀಪ್ಲೇಗಳಲ್ಲಿ ನೋಡಿ. ಹೊರಸಾಲು, ಒಳಸಾಲು ಅಂತ ಅದಕ್ಕೆ ಲೆಕ್ಕವೇ ಇರಲಿಲ್ಲ.

ಆಟದ ಬಗ್ಗೆ ನನ್ನ ಅಭಿಪ್ರಾಯ

ಒಂದು, ಒಳ್ಳೆಯ ಕುದುರೆಗಳು ಬಹಳ ಬೇಗ ಹೋಗಿಬಿಡುತ್ತವೆ. ಬುಲ್‌ಡಾಗ್ ಹ್ಯಾನೋವರ್ ದಾಖಲೆ ಮಾಡಿದ್ದು ನಾಲ್ಕನೇ ವಯಸ್ಸಿನಲ್ಲಿ. ಅದೇ ವರ್ಷದ ಕೊನೆಗೆ ತಳಿ ಬೆಳೆಸಲು ಹೋಯಿತು. ಮೂರನೇ ವಯಸ್ಸಿಗೇ ಹೋಗುವವೂ ತುಂಬಾ. ಮಾಲೀಕರ ಲೆಕ್ಕ ನನಗೆ ಅರ್ಥವಾಗುತ್ತದೆ. ಮರಿಗಳಿಂದ ಬರುವ ಹಣ ಓಟದಿಂದ ಬರುವುದಿಲ್ಲ. ಆದರೆ ನೋಡುಗ ಒಂದು ಹೆಸರನ್ನು ಹಚ್ಚಿಕೊಳ್ಳುವಷ್ಟರಲ್ಲಿ ಆ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ನಾಲ್ಕು, ಐದು ವರ್ಷದವಕ್ಕೆ ಬಹುಮಾನದ ಹಣ ಹೆಚ್ಚಿಸಿದರೆ ಕೆಲವಾದರೂ ಉಳಿದಾವು.

ಎರಡು, ಎಲ್ಲ ರೇಸೂ ಒಂದೇ ಮೈಲಿ ಯಾಕೆ? ಪ್ಯಾರಿಸ್‌ನ ವಿನ್ಸೆನ್ ಟ್ರ್ಯಾಕಿನಲ್ಲಿ ಜನವರಿ ಕೊನೆಯ ಭಾನುವಾರ ನಡೆಯುವ ಪ್ರಿ ದಾಮೆರಿಕ್ 2,700 ಮೀಟರ್‌ನದು. ಅಲ್ಲಿ ಹೊರಡುವಾಗ ಯಾವ ಜಾಗ ಸಿಕ್ಕಿತು ಅನ್ನುವ ಅದೃಷ್ಟಕ್ಕೆ ಅಷ್ಟು ಬೆಲೆಯಿಲ್ಲ. ತಪ್ಪು ತಿದ್ದಿಕೊಳ್ಳಲು ಹೊತ್ತಿರುತ್ತದೆ. ಕುದುರೆಯ ಕಾಲಿಗೆ ಲಾಳ ಇದೆಯೋ ಇಲ್ಲವೋ ಅಂತ ಕೂಡ ಅವರ ಪ್ರೋಗ್ರಾಂನಲ್ಲೇ ಅಚ್ಚಾಗಿರುತ್ತದೆ. ಇಷ್ಟು ಮಾಹಿತಿಯನ್ನು ನೋಡುಗನಿಗೆ ಕೊಡುವುದು ಮರ್ಯಾದೆಯ ಕೆಲಸ. ಉಳಿದ ದೇಶದವರೂ ಕಲಿಯಬೇಕು.

ಮೂರು, ಎಲ್ಲಕ್ಕಿಂತ ಭಾರವಾದದ್ದು, ಮದ್ದಿನ ವಿಚಾರ. 2020ರ ಮಾರ್ಚ್‌ನಲ್ಲಿ ಅಮೆರಿಕದ ಫೆಡರಲ್ ಸರ್ಕಾರ ಕುದುರೆಗಳಿಗೆ ನಿಷೇಧಿತ ಔಷಧ ಕೊಟ್ಟ ಆರೋಪದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆ ಹೂಡಿತು. ಅದರಲ್ಲಿ ಹಾರ್ನೆಸ್ ರೇಸಿನವರೂ ಇದ್ದರು. ಅದೇ ವರ್ಷ ಬಂದ ರಾಷ್ಟ್ರೀಯ ಕಾನೂನು ಜಾಕಿ ಬೆನ್ನ ಮೇಲೆ ಕೂತು ಓಡಿಸುವ ಥರೋಬ್ರೆಡ್ ತಳಿಯ ರೇಸಿಗೆ ಮಾತ್ರ ಅನ್ವಯ ಆಯಿತು, ಸ್ಟ್ಯಾಂಡರ್ಡ್‌ಬ್ರೆಡ್ ಹೊರಗುಳಿಯಿತು. ಇವತ್ತಿಗೂ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಸ್ಟ್ಯಾಂಡರ್ಡ್‌ಬ್ರೆಡ್‌ನ ಮೈಕಟ್ಟು ಬೇರೆ, ವಾರವಾರ ಓಡುತ್ತದೆ, ಹಾಗಾಗಿ ಅದೇ ಕಾನೂನು ಹೊಂದುವುದಿಲ್ಲ ಅನ್ನುವ ವಾದ ಇದೆ. ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಹಾಗಾದರೆ ಹೊಂದುವ ಒಂದು ಕಾನೂನು ಬರೆಯಿರಿ. ಮಾತಾಡಲು ಬಾರದ ಪ್ರಾಣಿಯ ರಕ್ತದಲ್ಲಿ ಏನಿದೆ ಅನ್ನುವುದು ರಾಜ್ಯದ ಗಡಿ ದಾಟಿದ ಕೂಡಲೇ ಬದಲಾಗಬಾರದು. ಚಾಟಿಯ ವಿಷಯದಲ್ಲೂ ನನ್ನ ನಿಲುವು ಇಷ್ಟೇ ನೇರ. ಎರಡೂ ಕೈ ಲಗಾಮಿನ ಮೇಲಿರಲಿ.

ಈ ವಾರವೇ ಶುರು ಮಾಡುವುದಾದರೆ

ಒಂದು ಟ್ರ್ಯಾಕು, ಒಂದು ರಾತ್ರಿ ಆರಿಸಿ. ಎಲ್ಲ ಟ್ರ್ಯಾಕಿನ ಮೇಲೂ ಕಣ್ಣಿಡಲು ಹೋದರೆ ಯಾವುದೂ ತಲೆಗೆ ಹತ್ತುವುದಿಲ್ಲ. ಪ್ರತಿ ರೇಸಿನ ರೀಪ್ಲೇಯನ್ನು ಎರಡು ಸಲ ನೋಡಿ. ಮೊದಲ ಸಲ ಮುಂಚೂಣಿಯನ್ನು, ಎರಡನೇ ಸಲ ಹೊರಸಾಲನ್ನು ಮಾತ್ರ. ಒಂದು ನೋಟ್‌ಬುಕ್ಕಿನಲ್ಲಿ ರೇಸಿಗೆ ಒಂದೇ ಕುದುರೆಯ ಹೆಸರು ಬರೆಯಿರಿ, ಪಕ್ಕದಲ್ಲಿ ನಾಲ್ಕೈದು ಪದ. “ಎರಡು ತಿರುವು ಹೊರಗೆ, ಕವರ್ ಇಲ್ಲ.” “ಒಳಗೆ ಸಿಕ್ಕಿಬಿತ್ತು, ಶಕ್ತಿ ಉಳಿದಿತ್ತು.” ಇಷ್ಟೇ. ನನ್ನ ನೋಟ್‌ಬುಕ್ಕಿನಲ್ಲಿ ಒಂದು ರಾತ್ರಿಗೆ ಹತ್ತು ಸಾಲಿಗಿಂತ ಜಾಸ್ತಿ ಇರುವುದಿಲ್ಲ.

ಮುಂದಿನ ವಾರ ಓಡುವವರ ಪಟ್ಟಿ ಬಂದಾಗ ಆ ಹತ್ತು ಹೆಸರನ್ನು ಹುಡುಕಿ. ಸಿಕ್ಕರೆ ಮೊದಲು ನೋಡಬೇಕಾದ್ದು ಗೇಟಿನಲ್ಲಿ ಎಷ್ಟನೇ ನಂಬರ್ ಬಂದಿದೆ ಅಂತ. ಕಳೆದ ವಾರ ಎಂಟರಿಂದ ಹೊರಟು ಸುತ್ತಿ ಬಂದ ಕುದುರೆಗೆ ಈ ವಾರ ಎರಡೋ ಮೂರೋ ಸಿಕ್ಕಿದ್ದರೆ, ಅದೇ ಡ್ರೈವರ್ ಕೂತಿದ್ದರೆ, ಹೆಸರಿನ ಕೆಳಗೆ ಗೆರೆ ಎಳೆಯಿರಿ.